ಕೋಲ್‌ಮನ್ ಬಟ್ಟೆ: 495 ಗಂಟು ಆಯಿತು, 42 ಬಾಕಿ

ನಿನ್ನೆ ರಾತ್ರಿ 1953ರ ಸಾಲು ಮುಗಿಯಿತು, 97 ಗಂಟು. ಹೊಸಬರಿಗೆ ಹೇಳುವುದಾದರೆ, ಇದು ಎಸೆಂಡನ್ ತಂಡದ ಜಾನ್ ಕೋಲ್‌ಮನ್ ಹೊಡೆದ ಗೋಲುಗಳನ್ನೆಲ್ಲ ಬಟ್ಟೆ ಮೇಲೆ ಕೂರಿಸುವ ಕೆಲಸ. ಕಪ್ಪು ಬಟ್ಟೆ, ಕೆಂಪು ದಾರ, ಎರಡೂ ತಂಡದ ಬಣ್ಣವೇ. ಗೋಲಿಗೊಂದು ಗಂಟು, ಸೀಸನ್ನಿಗೊಂದು ಸಾಲು. ಒಟ್ಟು 537 ಆಗಬೇಕು, ಅಷ್ಟನ್ನೂ ಆ ಮನುಷ್ಯ ಹೊಡೆದದ್ದು ಬರೀ 98 ಪಂದ್ಯಗಳಲ್ಲಿ. ಇದು ಸಾಕರ್ ಅಲ್ಲ, ಮೊಟ್ಟೆಯಾಕಾರದ ಚೆಂಡಿನ ಆಸ್ಟ್ರೇಲಿಯನ್ ಫುಟ್‌ಬಾಲ್, ಗೋಲಿಗೆ 6 ಪಾಯಿಂಟ್. ಸಾಕರ್‌ಗಿಂತ ಇಲ್ಲಿ ಗೋಲು ಜಾಸ್ತಿ ಬೀಳುತ್ತವೆ, ಆದರೂ ಒಬ್ಬನೇ ಪಂದ್ಯಕ್ಕೆ ಐದಕ್ಕಿಂತ ಜಾಸ್ತಿ ಗೋಲು ಅಂದರೆ ಸುಮ್ನೆ ಅಲ್ಲ.

ಶುರುವಿನಲ್ಲೇ ಎಡವಿದ್ದೆ. 1949ರಲ್ಲಿ 100 ಗೋಲು, ಸರಿ ಅಂತ ನೂರು ಗಂಟಿಗೆ ಅಳೆದು ಬಟ್ಟೆ ಕತ್ತರಿಸಿಬಿಟ್ಟೆ. ಮರುವರ್ಷ 120! ಪಟ್ಟಿ ಕೈಯಲ್ಲೇ ಇತ್ತು, ನೋಡಿರಲಿಲ್ಲ. ಕೊನೆಗೆ ಅಂಚಿಗೆ ತುಂಡು ಜೋಡಿಸಿದೆ. ಜೋಡಿಸಿದ್ದು ಕಾಣುತ್ತದೆ, ಕಾಣಲಿ.

ಮೊದಲ ಸಾಲಿನ ಮೊದಲ 12 ಗಂಟು ದಪ್ಪ ದಾರದಲ್ಲಿವೆ. ಹಾಥಾರ್ನ್ ಎದುರು ಅವನ ಮೊಟ್ಟಮೊದಲ ಪಂದ್ಯದವು. ನೂರನೆಯದೂ ದಪ್ಪವೇ, ಅದು ಬಂದದ್ದು ಕಾರ್ಲ್ಟನ್ ಎದುರಿನ ಗ್ರ್ಯಾಂಡ್ ಫೈನಲ್‌ನಲ್ಲಿ, ಅಂದರೆ ಕಪ್ ಯಾರಿಗೆ ಅಂತ ತೀರ್ಮಾನವಾಗುವ ಕೊನೆಯ ಪಂದ್ಯದಲ್ಲಿ, ಎಸೆಂಡನ್ 73 ಪಾಯಿಂಟ್‌ಗಳಿಂದ ಗೆದ್ದ ದಿನ.

1951ರ ಸಾಲು 75ಕ್ಕೇ ನಿಂತಿದೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಫೈನಲ್‌ಗಳಿಗೆ ಮುಂಚಿನ ಪಂದ್ಯದಲ್ಲಿ ಕಾರ್ಲ್ಟನ್‌ನ ಹ್ಯಾರಿ ಕ್ಯಾಸ್ಪರ್ ಕೋಲ್‌ಮನ್‌ಗೆ ಗುದ್ದಿದ, ಇವನೂ ತಿರುಗಿ ಗುದ್ದಿದ, ಇಬ್ಬರಿಗೂ ನಾಲ್ಕು ಪಂದ್ಯ ನಿಷೇಧ. ಗ್ರ್ಯಾಂಡ್ ಫೈನಲ್‌ನಲ್ಲಿ ಇವನಿಲ್ಲದ ಎಸೆಂಡನ್ ಜೀಲಾಂಗ್‌ಗೆ ಸೋತದ್ದು 11 ಪಾಯಿಂಟ್‌ಗಳಿಂದ, ಅಂದರೆ ಎರಡೇ ಎರಡು ಗೋಲು, ಅಲ್ವಾ?

1952ರ 103ರಲ್ಲಿ ಒಂದು ಗಂಟು ತಪ್ಪಿ ಅರ್ಧ ಸಾಲು ಬಿಚ್ಚಿದೆ. ಅದರ ಬಗ್ಗೆ ಮಾತು ಬೇಡ.

ಇನ್ನು 1954. 42 ಗಂಟುಗಳಲ್ಲಿ 14 ಮತ್ತೆ ದಪ್ಪ ದಾರಕ್ಕೆ, ಫಿಟ್ಜ್‌ರಾಯ್ ಎದುರು ಒಂದೇ ಪಂದ್ಯದಲ್ಲಿ ಹೊಡೆದವು. ಮುಂದಿನ ವಾರವೇ ನಾರ್ತ್ ಮೆಲ್ಬರ್ನ್ ಎದುರು ಮೊಣಕಾಲು ಕೀಲು ತಪ್ಪಿತು. ವಯಸ್ಸು 25. ಮತ್ತೆ ಲೀಗ್‌ನಲ್ಲಿ ಆಡಲೇ ಇಲ್ಲ.

ಆಮೇಲೆ ಕೋಚ್ ಆಗಿ 1962, 1965ರಲ್ಲಿ ಎಸೆಂಡನ್‌ಗೆ ಕಪ್ ಗೆಲ್ಲಿಸಿದ. ಅದಕ್ಕೆ ಎರಡು ಬಂಗಾರದ ಗಂಟು ಹಾಕಮ್ಮ ಅಂತ ಪಕ್ಕದ ಮನೆಯ ಅಜ್ಜನ ಸಲಹೆ. ನನಗೆ ಮನಸ್ಸಿಲ್ಲ. ಅವನ ಕಾಲಿಂದ ಬಂದದ್ದು ಮಾತ್ರ ಈ ಬಟ್ಟೆಗೆ.

ಕೆಂಪು ದಾರ ಒಂದೇ ಲಡಿ ಉಳಿದಿದೆ, 42ಕ್ಕೆ ಸಾಕು. ಕೊನೆಯ ಸಾಲಿನ ಬಲಕ್ಕೆ ಅರ್ಧಕ್ಕಿಂತ ಜಾಸ್ತಿ ಬಟ್ಟೆ ಖಾಲಿ ಬೀಳುತ್ತದೆ. ಈ ಸಲ ಕತ್ತರಿ ಹಾಕುವುದಿಲ್ಲ.