ಫಾಲೋಅಪ್‌ಗೆ ಹೋಗುವ ಮುಂಚೆ

ಡೊಂಬಿವಲಿ, 13 ಜುಲೈ 2025, ಭಾನುವಾರ

ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಫಾಲೋಅಪ್‌ಗೆ ಹೋಗಿಬರುವ ನಮ್ಮ ಹೆಂಗಸರು ಹೆಚ್ಚಾಗಿ ಕೇಳುವುದು ಇದನ್ನೇ: "ಅಕ್ಕಾ, ಡಾಕ್ಟರು ಮುಟ್ಟಿ ನೋಡಿ ಕಳಿಸಿದರು, ಪೆಟ್ ಸ್ಕ್ಯಾನ್ ಬರೆಯಲೇ ಇಲ್ಲ. ಸಾಕಾ ಇಷ್ಟು?"

ತೊಂದರೆ ಏನೂ ಇಲ್ಲದಿದ್ದರೆ ಸಾಕು. ಬೋನ್ ಸ್ಕ್ಯಾನ್, ಎದೆಯ ಎಕ್ಸ್‌ರೇಗಳನ್ನು ತಪ್ಪದೆ ಮಾಡಿಸಿಕೊಂಡವರು, ಮಾಡಿಸಿಕೊಳ್ಳದವರಿಗಿಂತ ಹೆಚ್ಚು ಕಾಲವೇನೂ ಬದುಕಲಿಲ್ಲವೆಂದು ಇಟಲಿಯ ಎರಡು ದೊಡ್ಡ ಅಧ್ಯಯನಗಳು 1994ರಲ್ಲೇ ತೋರಿಸಿದವು. ಕ್ಯಾನ್ಸರ್ ಇರುವ ಜಾಗವನ್ನು ಹೊಳೆಯುವಂತೆ ತೋರಿಸುವ ಪೆಟ್ ಸ್ಕ್ಯಾನನ್ನೂ ಕ್ಯಾನ್ಸರಿನ ಸುಳಿವು ಹುಡುಕುವ ಸಿಎ 15-3 ರಕ್ತಪರೀಕ್ಷೆಯನ್ನೂ ಲಕ್ಷಣವಿಲ್ಲದವರಿಗೆ ಸುಮ್ಮನೆ ಬರೆಯುವುದಿಲ್ಲ. ಮುಂಬಯಿಯಲ್ಲಂತೂ ಇನ್ನೊಂದು ತೊಡಕು: ಟಿಬಿಯ ಗಂಟು ಕೂಡ ಪೆಟ್‌ನಲ್ಲಿ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ. ಆಮೇಲೆ ಸೂಜಿ, ಬಯಾಪ್ಸಿ, ಮನೆಮಂದಿಗೆಲ್ಲ ನಿದ್ದೆಗೇಡು.

ಮೊದಲ 3 ವರ್ಷ 3ರಿಂದ 6 ತಿಂಗಳಿಗೊಮ್ಮೆ, ಮುಂದಿನ 2 ವರ್ಷ 6ರಿಂದ 12 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಬೇಕು. ಮ್ಯಾಮೋಗ್ರಾಂ ವರ್ಷಕ್ಕೊಂದು, ಸ್ತನ ಉಳಿಸಿಕೊಂಡವರಿಗೆ ಮೊದಲನೆಯದು ರೇಡಿಯೇಷನ್ ಮುಗಿದು 6 ತಿಂಗಳಾದ ಮೇಲೆ. ಒಂದು ಸ್ತನ ತೆಗೆದಿದ್ದರೂ ಇನ್ನೊಂದಕ್ಕೆ ಬೇಕೇ ಬೇಕು. ಅವತ್ತು ಕಂಕುಳಿಗೆ ಪೌಡರ್, ಡಿಯೋಡರೆಂಟ್ ಹಾಕಬೇಡಿ. ಅದರ ಕಣಗಳು ಫಿಲ್ಮಿನಲ್ಲಿ, ಕ್ಯಾನ್ಸರಿನಲ್ಲೂ ಕಾಣಬಹುದಾದ ಸುಣ್ಣದ ಚುಕ್ಕೆಗಳ ಹಾಗೆ ಕಂಡು ಗೊಂದಲವಾಗುತ್ತದೆ. ಹಳೆಯ ಫಿಲ್ಮುಗಳನ್ನು ತಪ್ಪದೆ ಒಯ್ಯಿರಿ, ಹೋಲಿಸಿ ನೋಡಿದರೇನೇ ಹೊಸದು ಯಾವುದೆಂದು ತಿಳಿಯುವುದು.

ತಿಂಗಳಿಗೊಮ್ಮೆ ಮಲಗಿಕೊಂಡು, ನಡುವಿನ ಮೂರು ಬೆರಳುಗಳ ಮೆತ್ತನೆಯ ಭಾಗದಿಂದ ಹೊಲಿಗೆಯ ಗೆರೆಯುದ್ದಕ್ಕೂ ಒತ್ತಿ ನೋಡಿಕೊಳ್ಳಿ. ಗೆರೆ ದಾರದಂತೆ ಗಟ್ಟಿಯಿರುವುದು ಸಹಜ. ಹಿಂದೆ ಇಲ್ಲದ, ಅಕ್ಕಿಕಾಳಿನಷ್ಟು ಚಿಕ್ಕ ಗಂಟು ಗೆರೆಯಲ್ಲೋ ಪಕ್ಕದ ಚರ್ಮದಲ್ಲೋ ಸಿಕ್ಕರೆ ತೋರಿಸಬೇಕು. ಕಂಕುಳು, ಕೊರಳೆಲುಬಿನ (ಕಾಲರ್ ಬೋನ್) ಮೇಲಿನ ಗುಳಿ, ಇನ್ನೊಂದು ಸ್ತನ ಇವನ್ನೂ ಬಿಡಬೇಡಿ. ಆ ಬದಿಯ ಬಳೆ ಅಥವಾ ರವಿಕೆಯ ತೋಳು ಬಿಗಿಯಾಗುತ್ತಿದ್ದರೆ ಹೆಚ್ಚಾಗಿ ಅದು ಲಿಂಫೆಡಿಮಾ, ಅಂದರೆ ದುಗ್ಧರಸ ನಿಂತು ಕೈ ಊದುವುದು, ಬೇಗ ಹಿಡಿದರೆ ಹತೋಟಿಗೆ ಬರುತ್ತದೆ. ಆದರೆ ಕಂಕುಳಲ್ಲಿ ಗಂಟು ಬೆಳೆದರೂ ಕೈ ಊದಬಹುದು, ಅದಕ್ಕೇ ಪರೀಕ್ಷೆ ಬೇಕು.

ರಾತ್ರಿಯೂ ಬಿಡದ ಬೆನ್ನು-ಸೊಂಟದ ನೋವು, ಒಣಕೆಮ್ಮು, ಹೊಸ ತಲೆನೋವು, ಕಾರಣವಿಲ್ಲದೆ ಇಳಿಯುವ ತೂಕ ಎರಡು ವಾರ ದಾಟಿದರೆ ಮುಂದಿನ ತಾರೀಖಿಗೆ ಕಾಯಬೇಡಿ. ಉಸಿರುಕಟ್ಟು, ಫಿಟ್ಸ್, ಕಾಲಿನ ಶಕ್ತಿ ಕುಂದುವುದು ಇವಕ್ಕೆ ಅವತ್ತೇ ಓಡಬೇಕು. ಈ ಲಕ್ಷಣಗಳಿದ್ದಾಗ ಸ್ಕ್ಯಾನ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

"ಐದು ವರ್ಷ ಆಯ್ತು, ಇನ್ನೇನು ಭಯವಿಲ್ಲ" ಎಂಬ ಮಾತು ಎಲ್ಲರಿಗೂ ಹೊಂದುವುದಿಲ್ಲ. ಟ್ರಿಪಲ್ ನೆಗೆಟಿವ್ (ಹಾರ್ಮೋನ್ ಗ್ರಾಹಕಗಳೂ ಇಲ್ಲದ, ಹರ್-2 ಪ್ರೋಟೀನೂ ಹೆಚ್ಚಿಲ್ಲದ ಬಗೆ) ಮರಳುವುದಿದ್ದರೆ ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲೇ. ಹಾರ್ಮೋನ್ ಪಾಸಿಟಿವ್ (ಹಾರ್ಮೋನಿನಿಂದ ಬೆಳೆಯುವ ಬಗೆ) ಹತ್ತು-ಹದಿನೈದು ವರ್ಷದ ಮೇಲೂ ಬರಬಹುದು, ಆದ್ದರಿಂದ ಟ್ಯಾಮೊಕ್ಸಿಫೆನ್, ಲೆಟ್ರೊಜೋಲ್‌ನಂಥ ಹಾರ್ಮೋನ್ ತಡೆಯುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಟ್ಯಾಮೊಕ್ಸಿಫೆನ್ ತೆಗೆದುಕೊಳ್ಳುವವರು ಮುಟ್ಟು ನಿಂತಮೇಲೆ ಒಂದು ಹನಿ ರಕ್ತ ಕಂಡರೂ ಹೇಳಬೇಕು. ಲೆಟ್ರೊಜೋಲ್‌ನವರಿಗೆ ಎಲುಬು ಸವೆಯಬಹುದು, ಎಲುಬಿನ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಕೇಳಿ ಮಾಡಿಸಿಕೊಳ್ಳಿ.

ಮರಳಿ ಬಂದಿದೆ ಎಂಬ ಅನುಮಾನವಿದ್ದರೆ, ಸಾಧ್ಯವಿರುವ ಕಡೆಯಿಂದ ಮತ್ತೆ ಬಯಾಪ್ಸಿ ಆಗಲೇಬೇಕು. ಹಳೆಯ ರಿಪೋರ್ಟಿನ ಇಆರ್, ಪಿಆರ್ (ಇವೆರಡೂ ಹಾರ್ಮೋನ್ ಗ್ರಾಹಕಗಳು), ಹರ್-2 ಫಲಿತಾಂಶ ಈಗ ಬದಲಾಗಿರಬಹುದು, ಹಾಗಾದರೆ ಔಷಧವೂ ಬದಲಾಗುತ್ತದೆ. ಎದೆ, ಕಂಕುಳಲ್ಲಷ್ಟೇ ಮರಳಿದ್ದನ್ನು ವಾಸಿಮಾಡುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುತ್ತಾರೆ.