ನಮಾಝ್ ಆ್ಯಪ್‌ನ ಬಳಕೆದಾರರು ತೃಪ್ತರೇ? ಕೇಳುವ ಬಗೆ

ನಮಾಝ್ ವೇಳೆ, ಕಿಬ್ಲಾ (ನಮಾಝಿಗೆ ಮುಖ ಮಾಡುವ ಮಕ್ಕಾದ ಕಾಬಾ) ದಿಕ್ಕು, ಮಸೀದಿಯ ಪ್ರಕಟಣೆ ತೋರಿಸುವ ಆ್ಯಪ್‌ಗೆ ‘ಐದಕ್ಕೆ ಎಷ್ಟು ಕೊಡ್ತೀರಿ?’ ಎಂದು ಕೇಳಿದರೆ ಬಹಳ ಮಂದಿ ಐದೇ ಒತ್ತುತ್ತಾರೆ. ದೀನಿನ (ಧರ್ಮದ) ಕೆಲಸಕ್ಕೆ ಅಂಕ ಕಡಿಮೆ ಮಾಡಲು ಮನಸ್ಸು ಒಪ್ಪುವುದಿಲ್ಲ. ಅದಕ್ಕೇ ಅಭಿಪ್ರಾಯದ ಜೊತೆಗೆ ನಡೆದದ್ದನ್ನೂ ಕೇಳಬೇಕು: ‘ಕಳೆದ ಏಳು ದಿನಗಳಲ್ಲಿ ಫಜ್ರ್ (ಮುಂಜಾನೆಯ ನಮಾಝ್) ಅಝಾನ್ ಎಷ್ಟು ಸಲ ತಡವಾಯಿತು?’ ‘ನಿಮ್ಮ ಮಸೀದಿಯ ವೇಳಾಪಟ್ಟಿಗೂ ಆ್ಯಪ್‌ಗೂ ಎಷ್ಟು ನಿಮಿಷದ ವ್ಯತ್ಯಾಸ?’

ಚೌಕಟ್ಟಿಗೆ ಡಾಲ್ ಮತ್ತು ಟೋರ್ಕ್‌ಜಾದೆ 1988ರಲ್ಲಿ ಕೊಟ್ಟ ಇಯುಸಿಎಸ್ (ಕಂಪ್ಯೂಟರ್ ಬಳಕೆದಾರರ ತೃಪ್ತಿ ಅಳೆಯುವ ಪ್ರಶ್ನಾವಳಿ) ಸಾಕು. ಒಟ್ಟು 12 ಪ್ರಶ್ನೆ: ಮಾಹಿತಿಗೆ 4; ನಿಖರತೆ, ವಿನ್ಯಾಸ, ಸುಲಭ ಬಳಕೆ, ಸಕಾಲಿಕತೆಗೆ ತಲಾ 2. ಐದನ್ನೂ ಕಲಸಿ ಒಂದೇ ಸರಾಸರಿ ತೆಗೆಯಬೇಡಿ. ದೋಷ ಅಲ್ಲೇ ಮುಚ್ಚಿಹೋಗುತ್ತದೆ.

ನಿಖರತೆಯ ಅಂಕ ಕುಸಿದರೆ ಮೊದಲು ಮಝ್‌ಹಬ್ (ಇಸ್ಲಾಮಿಕ್ ಕಾನೂನಿನ ಪಂಥ) ನೋಡಿ. ಕರಾವಳಿಯ ಬ್ಯಾರಿ, ನವಾಯತರಲ್ಲಿ ಹೆಚ್ಚಿನವರು ಶಾಫಿ. ಬೆಂಗಳೂರು, ಕಲಬುರಗಿ ಕಡೆ ಹನಫಿಗಳೇ ಹೆಚ್ಚು. ನೆರಳು ವಸ್ತುವಿನಷ್ಟೇ ಉದ್ದವಾದಾಗ ಶಾಫಿ ಅಸರ್ (ಸಂಜೆಗೆ ಮುಂಚಿನ ನಮಾಝ್), ಎರಡರಷ್ಟಾದಾಗ ಹನಫಿ ಅಸರ್ (ನಡುಹಗಲಿನ ನೆರಳನ್ನು ಬಿಟ್ಟು ಲೆಕ್ಕ). ನಮ್ಮ ಅಕ್ಷಾಂಶದಲ್ಲಿ ಇವುಗಳ ಅಂತರ ಸುಮಾರು ಒಂದು ಗಂಟೆ. ಮಂಗಳೂರಿನವರಿಗೆ ಹನಫಿ ಸಮಯ ತೋರಿಸಿದರೆ ಲೆಕ್ಕ ಸರಿಯಿದ್ದರೂ ಆ್ಯಪ್ ತಪ್ಪೇ. ಫಜ್ರ್‌ಗೆ ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿರುವ ಬದಲು 15 ಡಿಗ್ರಿಯ ವಿಧಾನ ಆಯ್ಕೆಯಾಗಿದ್ದರೆ ಹನ್ನೆರಡು–ಹದಿಮೂರು ನಿಮಿಷ ತಡ. ಉಪವಾಸ ಹಿಡಿದವರಿಗೆ ಇದು ಸಣ್ಣ ವಿಷಯವಲ್ಲ, ಸಹರಿ (ಫಜ್ರ್‌ಗೆ ಮುಂಚಿನ ಊಟ) ಹೊತ್ತು ಮೀರಿಹೋಗುತ್ತದೆ.

‘ಅಝಾನ್ ತಡ’ ಎಂಬ ದೂರು ಮಾತ್ರ ಬೇರೆ. ಪರದೆಯ ಮೇಲಿನ ಸಮಯ ಸರಿಯಿದ್ದು ಸದ್ದು ತಡವಾದರೆ ಫೋನಿನ ಬ್ಯಾಟರಿ ಉಳಿತಾಯ ಅಲಾರಂ ತಡೆದಿರಬಹುದು. ಆಂಡ್ರಾಯ್ಡ್ 14ರಲ್ಲಿ ಹೊಸದಾಗಿ ಹಾಕಿಕೊಂಡ ಆ್ಯಪ್‌ಗಳಲ್ಲಿ ಹೆಚ್ಚಿನವಕ್ಕೆ ನಿಖರ ಅಲಾರಂ ಅನುಮತಿ ತಾನಾಗಿ ಸಿಗುವುದಿಲ್ಲ. ಆದ್ದರಿಂದ ಪ್ರತಿ ಉತ್ತರದ ಜೊತೆ ಮಝ್‌ಹಬ್, ಊರು, ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ ದಾಖಲಾಗಲೇಬೇಕು. ಹೆಸರು, ನಂಬರ್ ಬೇಡ; ನಮಾಝಿನ ವಿಷಯದಲ್ಲಿ ಯಾರನ್ನೂ ಗುರುತು ಹಿಡಿಯುವಂತಾಗಬಾರದು.

ಶೇಕಡ 95ರ ವಿಶ್ವಾಸ, ಶೇಕಡಾ ಲೆಕ್ಕದಲ್ಲಿ ಹೆಚ್ಚು-ಕಡಿಮೆ 10 ಅಂಶಗಳ ತಪ್ಪಿನ ಮಿತಿಗೆ ಪ್ರತಿ ಗುಂಪಿನಿಂದ (ಉದಾಹರಣೆಗೆ ಶಾಫಿ, ಹನಫಿ) ಸುಮಾರು 96 ಉತ್ತರ ಬೇಕು. ಆ್ಯಪ್‌ನೊಳಗೆ ಮಾತ್ರ ಕೇಳಿದರೆ ಬೇಸತ್ತು ತೆಗೆದುಹಾಕಿದವರು ಸಿಗುವುದೇ ಇಲ್ಲ. ಜುಮಾ (ಶುಕ್ರವಾರದ ನಮಾಝ್) ಮುಗಿದ ಮೇಲೆ ಮಸೀದಿಯಲ್ಲಿ ಕಾಗದದ ಹಾಳೆ ಕೊಡಿ, ಕನ್ನಡ, ಉರ್ದು, ಕನ್ನಡ ಲಿಪಿಯ ಬ್ಯಾರಿಯಲ್ಲಿ. ರಂಜಾನಿನಲ್ಲಿ ಬಳಕೆ ಏರುವುದರಿಂದ ಆ ತಿಂಗಳ ಅಂಕವನ್ನು ಉಳಿದ ತಿಂಗಳಿನದಕ್ಕೆ ಬೆರೆಸಬೇಡಿ: ಶಾಬಾನಿನಲ್ಲಿ (ರಂಜಾನಿನ ಹಿಂದಿನ ತಿಂಗಳು) ಒಮ್ಮೆ, ಈದ್ ಕಳೆದು ಮೂರು ವಾರಕ್ಕೆ ಇನ್ನೊಮ್ಮೆ, ಅದೇ ಪ್ರಶ್ನೆಗಳು.