ಹೊಟ್ಟೆ ಮುಟ್ಟಿ ಹೇಳ್ಬೇಡಿ, ಪ್ರೆಷರ್ ಅಳೆದು ಹೇಳಿ

ಹೊಟ್ಟೆ ಒಳಗೆ ಪ್ರೆಷರ್ ಏರಿ ಅಂಗಗಳು ಕೈಕೊಡೋ ಅಬ್ಡಾಮಿನಲ್ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಬಗ್ಗೆ, ಟ್ರಾಮಾ ಐಸಿಯುನಲ್ಲಿ ಡ್ಯೂಟಿ ಮಾಡೋ ಜೂನಿಯರ್ಸ್‌ಗೋಸ್ಕರ ಇದನ್ನ ಬರೀತಿದೀನಿ, ಪೇಷಂಟ್ ಮನೆಯವ್ರು ಓದಿದ್ರೂ ಒಳ್ಳೇದೇ.

ಆಕ್ಸಿಡೆಂಟಲ್ಲಿ ಲಿವರ್ ಹರಿದಿರತ್ತೆ, ರಾತ್ರಿನೇ ಆಪರೇಷನ್ ಆಗಿ ಒಳಗೆ ಬಟ್ಟೆ ಪ್ಯಾಕ್ ಒತ್ತಿಟ್ಟು ರಕ್ತ ನಿಲ್ಲಿಸಿರ್ತಾರೆ, ರಕ್ತ ಸಲೈನ್ ಎಲ್ಲಾ ಬಾಟಲಿ ಮೇಲೆ ಬಾಟಲಿ ಹೋಗಿರತ್ತೆ. ಬೆಳಗ್ಗೆ ನೋಡಿದ್ರೆ ಯೂರಿನ್ ಬರ್ತಿಲ್ಲ, ಬಿಪಿ ಇಳೀತಿದೆ, ವೆಂಟಿಲೇಟರ್ ಹೈ ಪ್ರೆಷರ್ ಅಂತ ಬಡ್ಕೋತಿದೆ. ಯೂರಿನ್ ಇಲ್ವಾ, ಇನ್ನೊಂದು ಲೀಟರ್ ಬಿಡಿ ಅಂತಾರೆ. ನಂಗೆ ಭಯ ಆಗೋದೇ ಇಲ್ಲಿ, ಯಾಕಂದ್ರೆ ಆ ನೀರು ರಕ್ತನಾಳದಲ್ಲಿ ನಿಲ್ಲಲ್ಲ, ಸೋರಿ ಕರುಳಿನ ಗೋಡೆಗೆ ಸೇರಿ ಅದು ಇನ್ನೂ ಊದ್ಕೊಳತ್ತೆ, ಹೊಟ್ಟೆ ಒಳಗೆ ಜಾಗ ಇಲ್ದೆ ಕಿಡ್ನಿಯ ರಕ್ತನಾಳ ಅದುಮಿಹೋಗತ್ತೆ, ಕೆಳಗಿಂದ ಹಾರ್ಟಿಗೆ ಬರೋ ರಕ್ತ ಕಮ್ಮಿ ಆಗತ್ತೆ, ಡಯಾಫ್ರಂ (ಎದೆ ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಮೇಲಕ್ಕೆ ಒತ್ತಿ ಶ್ವಾಸಕೋಶಕ್ಕೂ ಜಾಗ ಇರಲ್ಲ. ಸಿವಿಪಿ (ಹಾರ್ಟ್ ಹತ್ರದ ದೊಡ್ಡ ಅಭಿಧಮನಿಯ ಪ್ರೆಷರ್) ಮಾತ್ರ ಜಾಸ್ತಿ ತೋರಿಸ್ತಿರತ್ತೆ, ಅದನ್ನ ನಂಬ್ಕೊಂಡು ಕೂರೋ ಹಾಗಿಲ್ಲ.

ಎಷ್ಟೇ ಅನುಭವ ಇರೋರಾದ್ರೂ ಕೈಯಿಂದ ಒತ್ತಿ ನೋಡಿ ಹೊಟ್ಟೆ ಒಳಗಿನ ಈ ಪ್ರೆಷರ್ ಹೇಳೋಕಾಗಲ್ಲ. ಅಳೆಯೋದು ಕಷ್ಟ ಏನಲ್ಲ, ಮೂತ್ರಕೋಶದ ಪ್ರೆಷರ್ ನೋಡಿದ್ರೆ ಹೊಟ್ಟೆದು ಗೊತ್ತಾಗತ್ತೆ, ಯೂರಿನ್ ಕ್ಯಾಥೆಟರ್ ಹೇಗೂ ಹಾಕಿರ್ತೀವಿ, ಅದರಲ್ಲೇ 25 ಎಂಎಲ್ ಮೀರದ ಹಾಗೆ ಸ್ಟೆರೈಲ್ ಸಲೈನ್ ಬಿಟ್ಟು ಪ್ರೆಷರ್ ಅಳೆಯೋ ಟ್ರಾನ್ಸ್‌ಡ್ಯೂಸರ್ ಕನೆಕ್ಟ್ ಮಾಡಿ, ಪೇಷಂಟನ್ನ ಪೂರ್ತಿ ಅಂಗಾತ ಮಲಗಿಸಿ, ಕಂಕುಳಿನ ನಡು ಗೆರೆಗೆ ಜೀರೋ ಇಟ್ಟು, ಉಸಿರು ಬಿಟ್ಟ ಕೊನೇಲಿ ರೀಡಿಂಗ್ ತಗೊಳ್ಳಿ. ತಲೆ ಕಡೆ ಬೆಡ್ ಎತ್ತಿದ್ರೆ ರೀಡಿಂಗ್ ಜಾಸ್ತಿ ಬರತ್ತೆ, ನೋಡ್ಕೊಳಿ. ಸೀರಿಯಸ್ ಪೇಷಂಟಲ್ಲಿ 5ರಿಂದ 7 ಎಂಎಂ ಮರ್ಕ್ಯುರಿ ಮಾಮೂಲಿ. ಸತತವಾಗಿ 12 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಹುಷಾರಾಗ್ಬೇಕು. 20 ದಾಟಿ ಅಲ್ಲೇ ನಿಂತು, ಜೊತೆಗೆ ಹೊಸದಾಗಿ ಯಾವ್ದಾದ್ರೂ ಅಂಗ ಕೈಕೊಟ್ರೆ ಅದೇ ಅಬ್ಡಾಮಿನಲ್ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ರಿಸ್ಕ್ ಇರೋರಿಗೆ ನಾಲ್ಕರಿಂದ ಆರು ಗಂಟೆಗೊಂದ್ಸಲ ಅಳೀತಾ ಇರಿ. ಹೊಟ್ಟೆಗೇ ಪೆಟ್ಟು ಬಿದ್ದಿರ್ಬೇಕು ಅಂತೇನಿಲ್ಲ, ಮೈಯೆಲ್ಲಾ ಸುಟ್ಟೋರಿಗೆ ತುಂಬಾ ಫ್ಲೂಯಿಡ್ ಹೋದಾಗ್ಲೂ ಆಗತ್ತೆ.

ಪ್ರೆಷರ್ ಇಳಿಸೋಕೆ ಮೊದ್ಲು ರೈಲ್ಸ್ ಟ್ಯೂಬಿಂದ (ಮೂಗಿಂದ ಜಠರಕ್ಕೆ ಹಾಕೋ ನಳಿಕೆ) ಜಠರ ಖಾಲಿ ಮಾಡ್ಸೋದು, ನೋವು ಕಮ್ಮಿ ಮಾಡಿ ಚೆನ್ನಾಗಿ ಸೆಡೇಷನ್ ಕೊಡೋದು, ಮಸಲ್ ರಿಲ್ಯಾಕ್ಸೆಂಟ್, ಫ್ಲೂಯಿಡ್‌ಗೆ ಬ್ರೇಕ್, ದ್ರವ ತುಂಬಿದ್ರೆ ಡ್ರೈನ್. ಜಗ್ಗಲಿಲ್ವಾ, ಸರ್ಜನ್ನ ಕರೀರಿ, ಹೊಟ್ಟೆ ಕೊಯ್ದು ತೆರೀಲೇಬೇಕು. ತೆರೆದ್ಮೇಲೆ ಯೂರಿನ್ ಇಳಿಯೋಕೆ ಶುರುವಾಗಿ ವೆಂಟಿಲೇಟರ್ ಅಲಾರಂ ನಿಲ್ಲೋದನ್ನ ನೋಡಿದೋರು ಆಮೇಲೆ ಅಳೆಯೋಕೆ ಯಾವತ್ತೂ ಸೋಮಾರಿತನ ಮಾಡಲ್ಲ.

ತೆರೆದ ಹೊಟ್ಟೆನ ತಕ್ಷಣ ಹೊಲಿಯಲ್ಲ. 1984ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಡಾ. ಓಸ್ವಾಲ್ಡೋ ಬೊರಾಯೆಸ್ ಫ್ಲೂಯಿಡ್ ತುಂಬೋ ಪ್ಲಾಸ್ಟಿಕ್ ಬ್ಯಾಗನ್ನೇ ಕತ್ತರಿಸಿ ಹೊಟ್ಟೆ ಮೇಲೆ ಹೊಲಿದ್ರು, ಬೊಗೋಟಾ ಬ್ಯಾಗ್ ಅಂತ ಹೆಸರಾಯ್ತು, ದುಡ್ಡಿಲ್ಲದ ಆಸ್ಪತ್ರೆಗೂ ಎಟುಕತ್ತೆ. ಈಗ ವ್ಯಾಕ್ಯೂಮ್ ಡ್ರೆಸ್ಸಿಂಗೂ ಇದೆ. ಮನೆಯವ್ರು ಒಳಗ್ ಬಂದು ನೋಡಿ ಎದೆ ಒಡ್ಕೊಳೋದು ಇದನ್ನೇ, ಹಾಗಾಗಿ ಬೆಡ್ ಹತ್ರ ಕರ್ಕೊಂಡು ಹೋಗೋಕ್ ಮುಂಚೆನೇ ಕೂರಿಸ್ಕೊಂಡು ಹೇಳ್ರಪ್ಪಾ, ಹೊಟ್ಟೆನ ಬೇಕಂತಲೇ ತೆರೆದಿಟ್ಟಿದೀವಿ, ಊತ ಇಳಿದ್ಮೇಲೆ ಆದಷ್ಟು ಬೇಗ ಮುಚ್ತೀವಿ, ತಡ ಆದ್ರೆ ಸದ್ಯಕ್ಕೆ ಚರ್ಮ ಮಾತ್ರ ಕಸಿ ಮಾಡಿ, ಮುಂದೆ ಹರ್ನಿಯಾಗೆ ಇನ್ನೊಂದು ಆಪರೇಷನ್ ಬೇಕಾಗಬಹುದು ಅಂತ.